ವೇಗನಿಯಂತ್ರಕ ಡ್ರೈವ್‌ನ ಫ್ಯೂಸ್ ಮತ್ತು ವೈರಿಂಗ್: ಒಂದು ಚಾರಿತ್ರಿಕ ಅಧ್ಯಯನ

ಕಾರ್ಖಾನೆಯ ಮೋಟಾರಿನ ವೇಗವನ್ನು ಏರಿಳಿಸುವ ಡ್ರೈವ್‌ಗೆ ಯಾವ ಫ್ಯೂಸ್ ಹಾಕಬೇಕು, ಎಂಥ ಕೇಬಲ್ ಎಳೆಯಬೇಕು ಎಂಬುದು ಇಂದು ತಯಾರಕರ ಕೈಪಿಡಿಯಲ್ಲಿ ಸಿದ್ಧ ಕೋಷ್ಟಕವಾಗಿ ಸಿಗುತ್ತದೆ. ಆ ಕೋಷ್ಟಕದ ನಿಯಮಗಳು ಒಂದೇ ಕಾಲದವಲ್ಲ. ಕೆಲವು ತಂತಿ ದೀಪದ ಕಾಲದವು, ಕೆಲವು ಥೈರಿಸ್ಟರ್ ಕಾಲದವು, ಉಳಿದವು 1990ರ ನಂತರದವು. ಈ ಅವಧಿಯಲ್ಲಿ ಫ್ಯೂಸ್ ಕಾಯುವ ವಸ್ತುವೇ ಎರಡು ಸಲ ಬದಲಾಯಿತು. ಸುಮ್ಮನೆ ಪ್ರವಾಹ ಹೊತ್ತೊಯ್ಯುತ್ತಿದ್ದ ಕೇಬಲ್ ಸರ್ಕ್ಯೂಟಿನ ವರ್ತನೆಯಲ್ಲಿ ಪಾಲುದಾರವಾಯಿತು.

ಫ್ಯೂಸಿನ ಮೊದಲ ಹೊಣೆ ತಂತಿಯನ್ನು ಕಾಯುವುದು. 1847ರಲ್ಲಿ ಪ್ಯಾರಿಸ್ಸಿನ ಲೂಯಿ ಬ್ರೆಗೆ ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಉಳಿಸಲು ತಂತಿಯ ಒಂದು ಭಾಗವನ್ನು ತೆಳುವಾಗಿ ಇಡಬೇಕೆಂದು ಸೂಚಿಸಿದ. 1880ರ ದಶಕದಲ್ಲಿ ವಿಲಿಯಂ ಪ್ರೀಸ್ ಇದಕ್ಕೊಂದು ಲೆಕ್ಕ ಕೊಟ್ಟ: ತಂತಿ ಕರಗುವ ಪ್ರವಾಹ ಅದರ ವ್ಯಾಸದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ. 1 ಮಿ.ಮೀ. ತಾಮ್ರದ ತಂತಿಗೆ ಅದು ಸುಮಾರು 80 ಆಂಪಿಯರ್. 1887ರಲ್ಲಿ ಕಾಕ್‌ಬರ್ನ್ ಫ್ಯೂಸನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ. 1890ರಲ್ಲಿ ಮಾರ್ಡಿ ಪುಡಿ ತುಂಬಿದ ನಳಿಕೆಯೊಳಗೆ ತಂತಿಯಿಟ್ಟು ಪೇಟೆಂಟ್ ಪಡೆದ. ಸಿಡಿದ ಲೋಹದ ಕಿಡಿಯನ್ನು ನಳಿಕೆಯೊಳಗೇ ನುಂಗಿಸುವ ಆ ಉಪಾಯ ಇಂದಿನ ಮರಳು ತುಂಬಿದ ಫ್ಯೂಸಿನಲ್ಲೂ ಉಳಿದಿದೆ. 1939ರಲ್ಲಿ ಮೆಟ್‌ಕಾಫ್ ವಿವರಿಸಿದ ವಿದ್ಯಮಾನವೂ ಈ ಸಾಲಿನದೇ. ತಾಮ್ರದ ಅಥವಾ ಬೆಳ್ಳಿಯ ಪಟ್ಟಿಯ ಮೇಲೆ ತವರದ ಚುಕ್ಕೆಯಿಟ್ಟರೆ, ದೀರ್ಘಕಾಲದ ಸಣ್ಣ ಅಧಿಕಭಾರದಲ್ಲಿ ಅದು ಕರಗಿ ಪಟ್ಟಿಯನ್ನು ತಿಂದುಹಾಕುತ್ತದೆ. ಕೇಬಲ್ ಕಾಯಲು ಇಂಥ ನಿಧಾನಗುಣವೇ ಬೇಕು.

ವೇಗನಿಯಂತ್ರಣದ ಮೊದಲ ದೊಡ್ಡ ಯಶಸ್ಸು ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್‌ನದು. 1891ರ ಅವನ ಪೇಟೆಂಟಿನ ವಿಧಾನದಲ್ಲಿ ಒಂದು ಮೋಟಾರು ಡಿಸಿ ಜನರೇಟರನ್ನು ತಿರುಗಿಸುತ್ತದೆ; ಜನರೇಟರಿನ ಕ್ಷೇತ್ರಪ್ರವಾಹವನ್ನು ಹೆಚ್ಚುಕಡಿಮೆ ಮಾಡಿದರೆ ಕೆಲಸದ ಮೋಟಾರಿನ ವೇಗ ಬದಲಾಗುತ್ತದೆ. ಲಿಫ್ಟು, ಗಣಿಯ ಎತ್ತುಯಂತ್ರ, ಉಕ್ಕಿನ ರೋಲಿಂಗ್ ಮಿಲ್‌ಗಳಲ್ಲಿ ಈ ಪದ್ಧತಿ ದಶಕಗಟ್ಟಲೆ ನಡೆಯಿತು. ಒಂದು ಕೆಲಸಕ್ಕೆ ಮೂರು ಯಂತ್ರ ಬೇಕಾಗಿದ್ದುದು ಅದರ ದುಬಾರಿತನ. ರಕ್ಷಣೆಯ ದೃಷ್ಟಿಯಿಂದ ಮಾತ್ರ ಇದು ಸಾಧು ವ್ಯವಸ್ಥೆ. ತಾಮ್ರ ಮತ್ತು ಕಬ್ಬಿಣದ ಯಂತ್ರಗಳು ಹಲವು ಪಟ್ಟು ಪ್ರವಾಹವನ್ನು ಕೆಲ ಸೆಕೆಂಡು ಸಹಿಸುತ್ತಿದ್ದುದರಿಂದ ಮಾಮೂಲಿ ಫ್ಯೂಸು, ಬ್ರೇಕರ್‌ಗಳೇ ಸಾಕಾಗುತ್ತಿದ್ದವು.

ಆ ಸಹನೆ 1957ರಲ್ಲಿ ಮುಗಿಯಿತು. ಆ ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪುಗೊಂಡ ಥೈರಿಸ್ಟರ್ ಎಂಬ ಸಿಲಿಕಾನ್ ಸ್ವಿಚ್ಚು ಮುಂದೆ ವಾರ್ಡ್ ಲಿಯೊನಾರ್ಡ್ ಸೆಟ್ಟುಗಳನ್ನು ಮೂಲೆಗೆ ಸರಿಸಿತು. ತೆಳುವಾದ ಸಿಲಿಕಾನ್ ಬಿಲ್ಲೆಯಲ್ಲಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುವಷ್ಟು ದ್ರವ್ಯರಾಶಿಯೇ ಇಲ್ಲ. ಶಾರ್ಟ್ ಸರ್ಕ್ಯೂಟ್ ಆದಾಗ 50 ಹರ್ಟ್ಸ್‌ನ ಅರ್ಧ ಆವರ್ತದೊಳಗೆ, ಅಂದರೆ 10 ಮಿಲಿಸೆಕೆಂಡಿನೊಳಗೆ, ಅದು ಸತ್ತುಹೋಗಬಲ್ಲದು. ಆದ್ದರಿಂದ ಫ್ಯೂಸನ್ನು ಆಂಪಿಯರ್‌ನಲ್ಲಿ ಮಾತ್ರ ಅಳೆದರೆ ಸಾಲದಾಯಿತು. ಪ್ರವಾಹದ ವರ್ಗವನ್ನು ಕಾಲದೊಂದಿಗೆ ಕೂಡಿಸಿದ ಮೊತ್ತ, ಎಂಜಿನಿಯರುಗಳ ಬಾಯಲ್ಲಿ ‘ಐ-ಸ್ಕ್ವೇರ್-ಟಿ’, ಆಯ್ಕೆಯ ಮಾನದಂಡವಾಯಿತು. ಫ್ಯೂಸ್ ಒಳಬಿಡುವ ಮೊತ್ತ ಥೈರಿಸ್ಟರ್ ತಾಳುವ ಮೊತ್ತಕ್ಕಿಂತ ಕಡಿಮೆಯಿರಬೇಕು. ಇದಕ್ಕಾಗಿ ಬೆಳ್ಳಿಯ ಪಟ್ಟಿಯಲ್ಲಿ ಸಾಲುಸಾಲಾಗಿ ಕಿರಿದಾದ ಕತ್ತುಗಳನ್ನು ಕೊರೆದು, ಸುತ್ತ ಸ್ಫಟಿಕ ಮರಳು ತುಂಬಿದ ವೇಗದ ಫ್ಯೂಸುಗಳು ಬಂದವು. ಪ್ರವಾಹ ಶಿಖರ ಮುಟ್ಟುವ ಮೊದಲೇ ಕತ್ತುಗಳು ಕರಗುತ್ತವೆ, ಕಿಡಿಯ ಬಿಸಿಗೆ ಮರಳು ಗಾಜಾಗಿ ಹೆಪ್ಪುಗಟ್ಟುತ್ತದೆ. ಇಲ್ಲೊಂದು ಇಕ್ಕಟ್ಟೂ ಇತ್ತು. ಪ್ರವಾಹವನ್ನು ಥಟ್ಟನೆ ಕಡಿಯುವ ಫ್ಯೂಸ್ ತನ್ನ ಕಿಡಿಯಲ್ಲಿ ಹೆಚ್ಚಿನ ವೋಲ್ಟೇಜು ಹುಟ್ಟಿಸುತ್ತದೆ. ಅದು ಮಿತಿಮೀರಿದರೆ ಪಕ್ಕದ ಆರೋಗ್ಯವಂತ ಥೈರಿಸ್ಟರ್‌ಗಳನ್ನೇ ಸುಡುತ್ತದೆ.

ಡಿಸಿ ಡ್ರೈವ್‌ಗಳಲ್ಲಿ ಇನ್ನೊಂದು ಪಾಠ ಕಾದಿತ್ತು. ಮೋಟಾರು ನಿಧಾನಿಸುವಾಗ ಶಕ್ತಿಯನ್ನು ಸರಬರಾಜು ಲೈನಿಗೆ ಮರಳಿಸುವ ಡ್ರೈವ್‌ಗಳಲ್ಲಿ, ಆ ಕ್ಷಣಕ್ಕೆ ಲೈನಿನ ವೋಲ್ಟೇಜು ಕುಸಿದರೆ ಥೈರಿಸ್ಟರ್ ಆರಬೇಕಾದ ಹೊತ್ತಿಗೆ ಆರುವುದಿಲ್ಲ. ತಿರುಗುತ್ತಿರುವ ಮೋಟಾರು ಆಗ ಜನರೇಟರಾಗಿ ತನ್ನ ವೋಲ್ಟೇಜನ್ನೆಲ್ಲ ಆ ದಾರಿಯಲ್ಲಿ ಸುರಿಯುತ್ತದೆ. ಎಸಿ ಬದಿಯ ಫ್ಯೂಸುಗಳನ್ನು ಮಾತ್ರ ನೆಚ್ಚಿದರೆ ಇಲ್ಲಿ ಸಾಲದು. ಆರ್ಮೇಚರ್ ದಾರಿಯಲ್ಲೇ ಡಿಸಿಗೆ ತಕ್ಕ ಫ್ಯೂಸ್ ಬೇಕು. ಡಿಸಿಯಲ್ಲಿ ಪ್ರವಾಹ ಶೂನ್ಯಕ್ಕಿಳಿಯುವ ಗಳಿಗೆ ತಾನಾಗಿ ಬರುವುದಿಲ್ಲವಾದ್ದರಿಂದ ಕಿಡಿ ಆರಿಸುವುದು ಎಸಿಗಿಂತ ಕಷ್ಟ. ಮರುಉತ್ಪಾದನೆಯ ಡ್ರೈವ್‌ನಲ್ಲಿ ಈ ಫ್ಯೂಸನ್ನು ಬಿಟ್ಟುಬಿಡುವುದು ಉಳಿತಾಯವಲ್ಲ, ಅಪಾಯ.

ಥೈರಿಸ್ಟರ್ ಕಾಯುವ ಫ್ಯೂಸಿಗೆ ತವರದ ನಿಧಾನಗುಣ ಸಾಮಾನ್ಯವಾಗಿ ಇರುವುದಿಲ್ಲ. ಅದು ಶಾರ್ಟ್ ಸರ್ಕ್ಯೂಟನ್ನು ಮಾತ್ರ ಕಡಿಯುತ್ತದೆ. ಅಂತರರಾಷ್ಟ್ರೀಯ ಮಾನಕದಲ್ಲಿ ಇಂಥವು ‘ಎಆರ್’ ವರ್ಗದವು, ಕೇಬಲನ್ನೂ ಕಾಯುವ ಸಾಮಾನ್ಯ ಫ್ಯೂಸುಗಳು ‘ಜಿಜಿ’ ವರ್ಗದವು. ಹೀಗೆ ಕೇಬಲ್ ಕಾಯುವ ಹಳೆಯ ಹೊಣೆ ಫ್ಯೂಸಿನಿಂದ ಜಾರಿ ಡ್ರೈವ್‌ನ ಎಲೆಕ್ಟ್ರಾನಿಕ್ ಅಧಿಕಭಾರ ರಕ್ಷಣೆಯ ಹೆಗಲೇರಿತು. ಅಮೆರಿಕದ ವಿದ್ಯುತ್ ಸಂಹಿತೆ ಡ್ರೈವ್‌ಗೆ ಬರುವ ತಂತಿಯನ್ನು ಅದರ ಒಳಪ್ರವಾಹದ 125 ಪ್ರತಿಶತಕ್ಕೆ ಲೆಕ್ಕ ಹಾಕಲು ಹೇಳುತ್ತದೆ.

ಎಸಿ ಮೋಟಾರಿನ ಸರದಿ 1960ರ ದಶಕದಲ್ಲಿ ಬಂತು. 1964ರಲ್ಲಿ ಬ್ರೌನ್ ಬೊವೆರಿ ಕಂಪನಿಯ ಶೋನುಂಗ್ ಮತ್ತು ಸ್ಟೆಮ್ಲರ್ ವೋಲ್ಟೇಜನ್ನು ಸಣ್ಣ ಸಣ್ಣ ನಾಡಿಗಳಾಗಿ ಕತ್ತರಿಸಿ ಬೇಕಾದ ಆವರ್ತನ ಪಡೆಯುವ ವಿಧಾನವನ್ನು ಪ್ರಕಟಿಸಿದರು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಆವರ್ತನ ಪರಿವರ್ತಕವನ್ನು (ಇನ್ವರ್ಟರ್) ಸರಣಿಯಾಗಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ನಿಜವಾದ ತಿರುವು 1980ರ ದಶಕದ ಆರಂಭದಲ್ಲಿ ಬಂದ ಐಜಿಬಿಟಿ ಟ್ರಾನ್ಸಿಸ್ಟರು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಅದನ್ನು ರೂಪಿಸಿ ಬೆಳೆಸಿದ ಬಿ. ಜಯಂತ್ ಬಾಳಿಗ ಬೆಂಗಳೂರಿನಲ್ಲಿ ಬೆಳೆದು ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು.

ಐಜಿಬಿಟಿ ಎಷ್ಟು ಚುರುಕೋ ಕೇಬಲ್‌ಗೆ ಅಷ್ಟೇ ಕಷ್ಟ. ಕೇಬಲಿನಲ್ಲಿ ವೋಲ್ಟೇಜಿನ ಅಲೆ ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್ ಓಡುತ್ತದೆ. ನಾಡಿ ಏರಲು ಒಂದು ಮೈಕ್ರೋಸೆಕೆಂಡು ಬೇಕಿದ್ದರೆ 75 ಮೀಟರ್‌ವರೆಗಿನ ಕೇಬಲ್ ಚಿಂತೆಯಿಲ್ಲ. ಐಜಿಬಿಟಿಯಲ್ಲಿ ಅದು 0.1 ಮೈಕ್ರೋಸೆಕೆಂಡಿಗೆ ಇಳಿದಾಗ ಮಿತಿ ಏಳೂವರೆ ಮೀಟರ್. ಅದಕ್ಕಿಂತ ಉದ್ದವಾದರೆ ಅಲೆ ಮೋಟಾರಿಗೆ ಬಡಿದು ಪ್ರತಿಫಲಿಸಿ ಎರಡರಷ್ಟಾಗುತ್ತದೆ. 415 ವೋಲ್ಟ್ ಸರಬರಾಜಿನ ಡ್ರೈವ್‌ನೊಳಗಿನ ಡಿಸಿ ವೋಲ್ಟೇಜು ಸುಮಾರು 587, ಮೋಟಾರಿನ ತುದಿಯಲ್ಲಿ ಅದು 1,170ರ ಸಮೀಪಕ್ಕೆ ಏರಬಹುದು. ಎರಿಕ್ ಪರ್ಸನ್ 1992ರಲ್ಲಿ ಇದನ್ನು ವಿವರಿಸಿದ. ಬೆನ್ನಲ್ಲೇ ಅಮೆರಿಕದ ನೇಮಾ ಮಾನಕ ಇನ್ವರ್ಟರ್‌ಗೆಂದೇ ಮಾಡಿದ ಮೋಟಾರುಗಳು 1,600 ವೋಲ್ಟ್ ಶಿಖರವನ್ನು ತಾಳಬೇಕೆಂದು ವಿಧಿಸಿತು. ಸಾಮಾನ್ಯ ಮೋಟಾರಿಗೆ ಆ ಮಿತಿ 1,000. ಉದ್ದದ ಕೇಬಲ್ ತಪ್ಪದಿದ್ದಲ್ಲಿ ಡ್ರೈವ್‌ನ ಹೊರಬದಿಗೆ ರಿಯಾಕ್ಟರ್ ಅಥವಾ ಫಿಲ್ಟರ್ ಹಾಕುವ ರೂಢಿ ಬೆಳೆಯಿತು.

ಮೋಟಾರಿನ ಬೇರಿಂಗನ್ನು ಕೆಡಿಸುವ ಪ್ರವಾಹದ ಕಥೆ ಇನ್ನೂ ಹಳೆಯದು. ಆಲ್ಜರ್ ಮತ್ತು ಸ್ಯಾಮ್ಸನ್ 1924ರಲ್ಲೇ ಶಾಫ್ಟಿನ ಪ್ರವಾಹಗಳನ್ನು ವಿಶ್ಲೇಷಿಸಿದ್ದರು. ಅವರ ಕಾಲದಲ್ಲಿ ಕಾರಣ ಕಾಂತಕ್ಷೇತ್ರದ ಅಸಮತೆ. ಇನ್ವರ್ಟರ್ ಬಂದ ಮೇಲೆ ಕಾರಣ ಬೇರೆ: ಮೂರು ಫೇಸುಗಳ ನಾಡಿಗಳ ಮೊತ್ತ ಎಂದೂ ಸೊನ್ನೆಯಾಗುವುದಿಲ್ಲ, ಉಳಿದ ವೋಲ್ಟೇಜು ರೋಟರಿಗೆ ಸೋರಿ ಬೇರಿಂಗಿನ ಗ್ರೀಸ್ ಪದರವನ್ನು ಭೇದಿಸಿ ಗುಂಡುಗಳು ಉರುಳುವ ಹಾದಿಯಲ್ಲಿ ಗೀರು ಮೂಡಿಸುತ್ತದೆ. 1990ರ ದಶಕದ ಮಧ್ಯದಲ್ಲಿ ಅರ್ಡ್‌ಮನ್, ಕರ್ಕ್‌ಮನ್, ಶ್ಲೇಗಲ್, ಸ್ಕಿಬಿನ್‌ಸ್ಕಿ ಇದನ್ನು ವಿವರವಾಗಿ ತೋರಿಸಿದರು. ವೈರಿಂಗಿನಲ್ಲಿ ಸಿಕ್ಕ ಉತ್ತರ ಸಮಮಿತಿಯ ಕೇಬಲ್: ಮೂರು ಫೇಸಿನ ತಂತಿಗಳ ನಡುವೆ ಸಮನಾಗಿ ಹಂಚಿದ ಮೂರು ಅರ್ತ್ ತಂತಿ, ಸುತ್ತ ಲೋಹದ ಕವಚ. ಕವಚದ ಎಳೆಗಳನ್ನು ಹೊಸೆದು ಒಂದು ಬಾಲ ಮಾಡಿ ಅರ್ತ್ ತುದಿಗೆ ಕಟ್ಟುವ ಹಳೆಯ ಅಭ್ಯಾಸ ಹೆಚ್ಚಿನ ಆವರ್ತನದಲ್ಲಿ ನಿಷ್ಪ್ರಯೋಜಕ. ಕವಚ ಸುತ್ತಲೂ ಗ್ಲ್ಯಾಂಡಿಗೆ ಕಚ್ಚಿಕೊಂಡಿರಬೇಕು. 1996ರ ಜನವರಿ 1ರಿಂದ ಯುರೋಪಿನಲ್ಲಿ ವಿದ್ಯುತ್ಕಾಂತೀಯ ಹೊಂದಾಣಿಕೆಯ ನಿಯಮ ಕಡ್ಡಾಯವಾದ ಮೇಲೆ ಇದು ಸಲಹೆಯ ಮಟ್ಟದಲ್ಲಿ ಉಳಿಯಲಿಲ್ಲ.

ಇತ್ತ ಫ್ಯೂಸಿನ ಹೊಣೆ ಎರಡನೆಯ ಸಲ ಬದಲಾಯಿತು. ಶಾರ್ಟ್ ಸರ್ಕ್ಯೂಟಿನಲ್ಲಿ ಐಜಿಬಿಟಿ ಸಾಮಾನ್ಯವಾಗಿ ತಾಳುವುದು 10 ಮೈಕ್ರೋಸೆಕೆಂಡು ಮಾತ್ರ. ಅಷ್ಟರಲ್ಲಿ ಯಾವ ಫ್ಯೂಸೂ ಕರಗದು. ಮೋಟಾರಿನ ಬದಿಯ ದೋಷವನ್ನು ಡ್ರೈವ್‌ನ ಗೇಟ್ ಸರ್ಕ್ಯೂಟೇ ತಡೆಯಬೇಕು. ಅದು ಸೋತಾಗ ಕೆಪ್ಯಾಸಿಟರುಗಳಲ್ಲಿ ತುಂಬಿದ ಶಕ್ತಿ ಒಮ್ಮೆಲೇ ಸುರಿದು ಐಜಿಬಿಟಿ ಮಾಡ್ಯೂಲ್ ಸಿಡಿಯುತ್ತದೆ. ಆ ಸಿಡಿತವನ್ನು ತಡೆಯಲು ಡಿಸಿ ದಾರಿಯೊಳಗೇ ಫ್ಯೂಸಿಡುವ ಬಗ್ಗೆ 2000ರ ದಶಕದ ಆರಂಭದಲ್ಲಿ ಆಲ್ಬೋರ್ಗ್ ವಿಶ್ವವಿದ್ಯಾಲಯದ ಫ್ರೆಡೆ ಬ್ಲಾಬ್ಯೆರ್ ಮತ್ತು ಸಂಗಡಿಗರು ಅಧ್ಯಯನ ನಡೆಸಿದರು. ಫ್ಯೂಸ್ ಸೇರಿಸುವ ಇಂಡಕ್ಟೆನ್ಸ್ ಟ್ರಾನ್ಸಿಸ್ಟರಿಗೆ ಹೊಸ ತೊಂದರೆ ತರುವುದರಿಂದ ಈ ಪರಿಹಾರ ಸಲೀಸಲ್ಲ.

ಸರಬರಾಜಿನ ಬದಿಯ ಫ್ಯೂಸ್ ಈಗ ಕಾಯುವುದು ಬಹುಮಟ್ಟಿಗೆ ಡ್ರೈವ್‌ನ ಪೆಟ್ಟಿಗೆಯನ್ನು ಮತ್ತು ಅದರ ಮುಂದೆ ನಿಂತವರನ್ನು. ಅಮೆರಿಕದ ಯುಎಲ್ ಪರೀಕ್ಷೆಯಲ್ಲಿ ಡ್ರೈವ್‌ನ ರಂಧ್ರಗಳಿಗೆ ಹತ್ತಿಯಿಟ್ಟು ಶಾರ್ಟ್ ಸರ್ಕ್ಯೂಟ್ ಮಾಡುತ್ತಾರೆ. ಒಳಗಿನ ಭಾಗಗಳು ಸುಟ್ಟರೂ ಅಡ್ಡಿಯಿಲ್ಲ, ಹತ್ತಿಗೆ ಬೆಂಕಿ ಹತ್ತಬಾರದು, ಬಾಗಿಲು ಹಾರಬಾರದು. ಡ್ರೈವ್ ಮೇಲೆ ಅಚ್ಚಾದ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಆ ಪರೀಕ್ಷೆಯಲ್ಲಿ ಬಳಸಿದ ಫ್ಯೂಸಿನೊಂದಿಗೆ ಮಾತ್ರ ಸಿಂಧು. ಅಷ್ಟೇ ಆಂಪಿಯರಿನ ಬೇರೆ ವರ್ಗದ ಫ್ಯೂಸ್ ಹಾಕಿದರೆ ಆ ಅಂಕಿಗೆ ಆಧಾರವಿಲ್ಲ.

ಈಗ ಬರುತ್ತಿರುವ ಸಿಲಿಕಾನ್ ಕಾರ್ಬೈಡ್ ಡ್ರೈವ್‌ಗಳಲ್ಲಿ ನಾಡಿ ಹತ್ತಾರು ನ್ಯಾನೋಸೆಕೆಂಡಿನಲ್ಲಿ ಏರುತ್ತದೆ, ಶಾರ್ಟ್ ಸರ್ಕ್ಯೂಟ್ ತಾಳಿಕೆ ಇನ್ನೂ ಕಡಿಮೆ. 20 ನ್ಯಾನೋಸೆಕೆಂಡಿನ ಏರಿಕೆಗೆ ಮೇಲಿನ ಲೆಕ್ಕವನ್ನೇ ಹಚ್ಚಿದರೆ ಕೇಬಲಿನ ಮಿತಿ ಒಂದೂವರೆ ಮೀಟರಿಗೆ ಇಳಿಯುತ್ತದೆ. ಡ್ರೈವನ್ನು ಮೋಟಾರಿನ ಮೈಮೇಲೇ ಕೂರಿಸುವ ವಿನ್ಯಾಸಗಳ ಒಲವಿಗೆ ಇದೂ ಒಂದು ಕಾರಣ.