ಶೈತ್ಯಸಾಮ್ರಾಜ್ಯದ ಉದಯಾಸ್ತ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶೈತ್ಯವನ್ನು ಯಂತ್ರಬಲದಿಂದ ಜಯಿಸುವ ಮಹೋದ್ಯಮ ಯೂರೋಪಿನಲ್ಲಿ ಮೊಳೆತಾಗ, ಈಥರಿನ ಅಲ್ಪಾಯುಷಿ ಆಳ್ವಿಕೆಯ ತರುವಾಯ ಶೈತ್ಯಕಾರಕದ ಪಟ್ಟವೇರಿದ್ದು ಅಮೋನಿಯಾ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಮ್ಯೂನಿಕ್ಕಿನ ಬಿಯರ್ ತಯಾರಕರ ಆಶ್ರಯದಲ್ಲಿ ಅದಕ್ಕೊಂದು ರಾಜ್ಯ ಕಟ್ಟಿಕೊಟ್ಟನು. ಮಾಂಸ ಹೊತ್ತ ಹಡಗುಗಳ ಶೀತಾಗಾರಗಳು ಕ್ರಮೇಣ ಇಂಗಾಲದ ಡೈಆಕ್ಸೈಡಿನ ಪಾಲಾದವು. ಆದರೆ ಗೃಹಸ್ಥರ ಅಡುಗೆಮನೆಯನ್ನು ಹೊಕ್ಕ ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡುಗಳು ಸೋರಿ ಪ್ರಾಣಗಳನ್ನೇ ಆಹುತಿ ಪಡೆಯತೊಡಗಿದಾಗ, ಜನ ನಿರಪಾಯಕರ ಪ್ರಭುವೊಬ್ಬನನ್ನು ಹಂಬಲಿಸಿದರು.

ಫ್ರಿಯಾನೆಂಬ ಆ ಪ್ರಭುವನ್ನು 1928ರಲ್ಲಿ ಸೃಷ್ಟಿಸಿದವನು ಅಮೆರಿಕದ ಥಾಮಸ್ ಮಿಜ್ಲಿ. 1930ರಲ್ಲಿ ವಿದ್ವತ್ಸಭೆಯೆದುರು ಫ್ರಿಯಾನನ್ನು ಉಸಿರಿಗೆಳೆದುಕೊಂಡು, ಅದೇ ಉಸಿರಿನಿಂದ ಮೇಣದಬತ್ತಿಯನ್ನು ಆರಿಸಿ, ಇದು ವಿಷವೂ ಅಲ್ಲ, ದಹನಶೀಲವೂ ಅಲ್ಲವೆಂದು ಆತ ಸಾರಿದನು. ಯಾವುದರೊಡನೆಯೂ ಪ್ರತಿಕ್ರಿಯಿಸದ, ಸುಲಭವಾಗಿ ಅಳಿಯದ ಆ ಸ್ಥೈರ್ಯವೇ ಅದರ ಕಿರೀಟ. ವಿಧಿವಿಲಾಸವೆಂದರೆ, ಅದೇ ಸ್ಥೈರ್ಯ ಅದನ್ನು ಅಕ್ಷತವಾಗಿ ಸ್ತರಗೋಳಕ್ಕೆ ಒಯ್ದು, ಅಲ್ಲಿ ಅತಿನೇರಳೆ ಕಿರಣಗಳಿಂದ ಸಿಡಿದ ಕ್ಲೋರಿನ್ ಓಜೋನನ್ನು ಸಂಹರಿಸುವಂತೆ ಮಾಡಿತು. 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ, ರೋಲೆಂಡರು ಈ ಅಪರಾಧವನ್ನು ಬಯಲಿಗೆಳೆದರು. ಮರುವರ್ಷವೇ ಎರಡನೆಯ ದೋಷಾರೋಪಣೆಯನ್ನು ಹೊರಿಸಿದವರು ವೀರಭದ್ರನ್ ರಾಮನಾಥನ್: ಈ ಅನಿಲ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಪ್ರಬಲ. ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯಲ್ಲಿ ಇದೇ ಅನಿಲದ ಸೋರಿಕೆಯೊಡನೆ ಸೆಣಸಿ, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ತರುಣ ಅವರು. 1987ರ ಮಾಂಟ್ರಿಯಲ್ ಒಪ್ಪಂದ ಫ್ರಿಯಾನಿನ ಪದಚ್ಯುತಿಯ ಶಾಸನವಾಯಿತು.

ಉತ್ತರಾಧಿಕಾರಿಯಾಗಿ ಬಂದ ಆರ್-134ಎ ಓಜೋನನ್ನು ಮುಟ್ಟಲಿಲ್ಲ, ತಾಪಕ್ಕೆ ಮಾತ್ರ ಹಳೆಯ ಮನೆತನವನ್ನೇ ಹೋಲಿತು. ಆಗ ಬಂಡಾಯವೆದ್ದದ್ದು ಅಳಿದುಹೋದ ಪೂರ್ವ ಜರ್ಮನಿಯ ಶಾರ್ಫೆನ್‌ಸ್ಟೈನಿನಲ್ಲಿ. ಮುಚ್ಚುವ ಅಂಚಿನಲ್ಲಿದ್ದ ಫೋರಾನ್ ಕಾರ್ಖಾನೆ ಗ್ರೀನ್‌ಪೀಸ್ ನೆರವಿನಿಂದ 1993ರಲ್ಲಿ ಹೈಡ್ರೋಕಾರ್ಬನ್ ತುಂಬಿದ ಫ್ರಿಜ್ಜನ್ನು ಮಾರುಕಟ್ಟೆಗೆ ತಂದಿತು. ಅದು ಹೊತ್ತಿ ಉರಿಯುವುದೆಂದು ದೊಡ್ಡ ತಯಾರಕರು ಬೆದರಿಸಿದರು. ಒಳಗಿದ್ದದ್ದೋ ಹತ್ತಾರು ಗ್ರಾಂ ಅನಿಲ ಮಾತ್ರ. ಇತ್ತ ನಾರ್ವೆಯ ಗುಸ್ತಾವ್ ಲೊರೆಂಟ್ಸೆನ್ ಇಂಗಾಲದ ಡೈಆಕ್ಸೈಡಿಗೆ ಪುನರ್ಜನ್ಮವಿತ್ತನು. 2001ರಿಂದ ಜಪಾನಿನ ಮನೆಗಳಲ್ಲಿ ಅದು ಹೀಟ್ ಪಂಪಿನೊಳಗೆ ಸ್ನಾನದ ನೀರು ಕಾಯಿಸತೊಡಗಿತು. ಮಂಜುಗಡ್ಡೆಯ ಕಾರ್ಖಾನೆಗಳಲ್ಲಂತೂ ಅಮೋನಿಯಾ ಸಿಂಹಾಸನ ಬಿಟ್ಟಿಳಿದದ್ದೇ ಇಲ್ಲ.

ಫೋರಾನ್ 1996ರಲ್ಲಿ ದಿವಾಳಿಯಾಯಿತು. ನಿಮ್ಮ ಫ್ರಿಜ್ಜಿನ ಬೆನ್ನಿನ ಫಲಕವನ್ನೊಮ್ಮೆ ನೋಡಿ: ಅಲ್ಲಿ ಆರ್-600ಎ ಎಂಬ ಹೈಡ್ರೋಕಾರ್ಬನಿನ ಹೆಸರಿದ್ದರೆ, ಸೋತ ಆ ಕಾರ್ಖಾನೆಯ ಗೆಲುವು ನಿಮ್ಮ ಮನೆಯಲ್ಲಿದೆ.