ಪಟ್ಟಮಹಾದೇವಿ ಶಾಂತಲದೇವಿ (ಕಾದಂಬರಿ)

‘ಪಟ್ಟಮಹಾದೇವಿ ಶಾಂತಲದೇವಿ’ ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ, ಜಿನಭಕ್ತೆ ಶಾಂತಲೆಯ ಬದುಕನ್ನು ಆಧರಿಸಿದ ಬೃಹತ್ ಐತಿಹಾಸಿಕ ಕಾದಂಬರಿ. ಲೇಖಕರು ಸಿ. ಕೆ. ನಾಗರಾಜರಾವ್. ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ (1983) ಈ ಕೃತಿಗೆ ಸಂದಿತು.

ಲೇಖಕರು
ನಾಗರಾಜರಾವ್ ಅವರು 1915ರಲ್ಲಿ ಚಳ್ಳಕೆರೆಯಲ್ಲಿ ಜನಿಸಿದರು. ಜೈನರಲ್ಲದಿದ್ದರೂ ಶಾಸನಗಳ ಅಧ್ಯಯನದಿಂದ ಜೈನ ರಾಣಿಯೊಬ್ಬಳ ಬದುಕನ್ನು ಗೌರವದಿಂದ ಚಿತ್ರಿಸಿದರು. ಜ್ಞಾನಪೀಠವು ಇದರ ಹಿಂದಿ ಅನುವಾದವನ್ನು ನಾಲ್ಕು ಭಾಗಗಳಲ್ಲಿ ಪ್ರಕಟಿಸಿದೆ.

ಕಥಾವಸ್ತು
ಕಥೆ ಆರಂಭವಾಗುವುದು ಬಳ್ಳಿಪುರದಲ್ಲಿ, ಅಂದರೆ ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಇಂದಿನ ಬಳ್ಳಿಗಾವಿಯಲ್ಲಿ. ಶಾಂತಲೆಯ ತಂದೆ ಹೆಗ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಯುದ್ಧಕಾಲದಲ್ಲಿ ಚಾಲುಕ್ಯ ರಾಣಿ ಚಂದಲದೇವಿ ಗುರುತು ಮರೆಸಿಕೊಂಡು ಅವರ ಮನೆಯಲ್ಲಿ ಆಶ್ರಯ ಪಡೆಯುತ್ತಾಳೆ. ಮುಂದೆ ರಾಜಕುಮಾರ ಬಿಟ್ಟಿದೇವನೊಂದಿಗೆ ಶಾಂತಲೆಯ ವಿವಾಹ, ಅರಮನೆಯ ಒಳಸಂಚು, ಬೇಲೂರಿನ ದೇಗುಲ ನಿರ್ಮಾಣದವರೆಗೆ ಕಥೆ ವಿಸ್ತರಿಸುತ್ತದೆ.

ಇತಿಹಾಸದ ಆಧಾರ
ಯುದ್ಧ: ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನನು ‘ತಲಕಾಡುಗೊಂಡ’ ಎನಿಸಿದನು. ಈ ವಿಜಯದ ದಂಡನಾಯಕ ಗಂಗರಾಜ ಪರಮ ಜಿನಭಕ್ತ.

ಕಲೆ: 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅದೇ ಆವರಣದ ಚೆನ್ನಿಗರಾಯನ ಗುಡಿ ಶಾಂತಲೆ ಮಾಡಿಸಿದ್ದು. ಸಂಗೀತ, ನೃತ್ಯಗಳಲ್ಲಿ ಆಕೆಯ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ.

ಧರ್ಮ: ಪತಿ ವಿಷ್ಣುಭಕ್ತನಾದರೂ ಶಾಂತಲೆ ಜಿನಧರ್ಮ ಬಿಡಲಿಲ್ಲ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದ ಆಕೆ 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿ, ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿ, ಮೊಟ್ಟೆನವಿಲೆ ಗ್ರಾಮವನ್ನು ದತ್ತಿ ನೀಡಿದಳು. ಶಾಸನ ಆಕೆಯನ್ನು ‘ಸಮ್ಯಕ್ತ್ವ ಚೂಡಾಮಣಿ’ ಎಂದು ಕರೆದಿದೆ.

ಶಾಂತಲೆಯ ಅಂತ್ಯ
1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಬೆಟ್ಟದಿಂದ ಹಾರಿದಳೆಂಬ ಕಥೆ ಪ್ರವಾಸಿಗರ ಬಾಯಲ್ಲಿ ಇಂದಿಗೂ ಇದೆ. ಶ್ರವಣಬೆಳಗೊಳದ ಶಾಸನದಲ್ಲಿ ಹಾರಿದ ಮಾತಿಲ್ಲ. ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು ಎಂದಷ್ಟೇ ಇದೆ. ಮಗಳ ಅಗಲಿಕೆಯ ನಂತರ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಟ್ಟು, ಪಂಚಪದಗಳನ್ನು ಸ್ಮರಿಸುತ್ತ, ಒಂದು ತಿಂಗಳ ಉಪವಾಸದಿಂದ ಸಲ್ಲೇಖನ ವಿಧಿಯಲ್ಲಿ ಮುಡಿಪಿದಳೆಂದು ಅದೇ ಶಾಸನ ವಿವರವಾಗಿ ಹೇಳುತ್ತದೆ. ಸಲ್ಲೇಖನ ದುಡುಕಿನ ಆತ್ಮಹತ್ಯೆಯಲ್ಲ, ಗುರುಗಳ ಸಾನ್ನಿಧ್ಯದ ವ್ರತ ಎಂಬುದನ್ನು ಮಕ್ಕಳಿಗೆ ತಿಳಿಸಲು ಆ ತಾಯಿಯ ನಿದರ್ಶನ ಸಾಕು.

ಓದುಗರಿಗೆ
ಕಾದಂಬರಿಯ ಸಂಭಾಷಣೆ, ಸಂಚುಗಳಲ್ಲಿ ಕಲ್ಪನೆ ಬೆರೆತಿದೆ. ಅದನ್ನೇ ಇತಿಹಾಸವೆಂದು ತಿಳಿಯಬಾರದು. ಆದರೆ ಶೈವ ತಂದೆ, ಜೈನ ತಾಯಿ, ವೈಷ್ಣವ ಪತಿಯ ನಡುವೆ ಯಾರನ್ನೂ ನೋಯಿಸದೆ ತನ್ನ ವ್ರತವನ್ನು ಉಳಿಸಿಕೊಂಡ ಶ್ರಾವಿಕೆಯ ಚಿತ್ರ ಶಾಸನಗಳಿಗೆ ಹತ್ತಿರವಾದದ್ದು. ಚಂದ್ರಗಿರಿ ದರ್ಶನಕ್ಕೆ ಹೋಗುವ ಕುಟುಂಬಗಳು ಇದನ್ನು ಓದಿ ಹೋದರೆ ಸವತಿಗಂಧವಾರಣ ಬಸದಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುವರು.