ಅಮೃತಾಪುರದ ಬಳಪದ ಕಲ್ಲು

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ಗುಡಿಯನ್ನು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಅದರ ಕಲ್ಲು ಬಳಪದ ಕಲ್ಲು, ಅಂದರೆ ರೂಪಾಂತರ ಶಿಲೆ. ಮೆಗ್ನೀಸಿಯಂ ತುಂಬಿದ್ದ ಅಗ್ನಿಶಿಲೆ ನೆಲದಾಳದ ಕಾವು, ಒತ್ತಡ, ಬಿಸಿನೀರುಗಳಿಗೆ ಸಿಕ್ಕಿ, ಕರಗದೆ ಘನವಾಗಿರುವಾಗಲೇ ಖನಿಜಗಳನ್ನು ಬದಲಿಸಿಕೊಂಡಾಗ ಟಾಲ್ಕ್, ಕ್ಲೋರೈಟ್‌ಗಳು ಹುಟ್ಟುತ್ತವೆ. ಟಾಲ್ಕ್ ಉಗುರಿಗೂ ಗೀರು ಬೀಳುವಷ್ಟು ಮೆದು. ಹೊಯ್ಸಳ ರೂವಾರಿಗಳ ಉಳಿಗೆ ಅಷ್ಟು ನವಿರಾದ ಕುಸುರಿ ಸಾಧ್ಯವಾದದ್ದು ಕೈಚಳಕದಿಂದ ಮಾತ್ರವಲ್ಲ, ಈ ಕಲ್ಲಿನ ಗುಣದಿಂದಲೂ ಹೌದು.

ರೂಪಾಂತರ ಶಿಲೆಗಳನ್ನು ಮುಖ್ಯವಾಗಿ ಪದರವುಳ್ಳವು, ಪದರವಿಲ್ಲದವು ಎಂದು ವಿಂಗಡಿಸುತ್ತಾರೆ. ಒಂದೇ ದಿಕ್ಕಿನ ಒತ್ತಡಕ್ಕೆ ಖನಿಜಗಳು ಸಾಲುಗಟ್ಟಿದರೆ ಪದರ ಮೂಡುತ್ತದೆ. ಜೇಡಿಯಿಂದಾದ ಶಿಲೆ ಕಾವು ಏರಿದಂತೆ ಸ್ಲೇಟು, ಫಿಲ್ಲೈಟ್, ಶಿಸ್ಟ್, ಕೊನೆಗೆ ನೈಸ್ ಆಗುತ್ತದೆ. ಕಡೂರು ಕಡೆಯ ಬಯಲಿನಲ್ಲಿ ಕಾಣುವ ಪಟ್ಟೆಪಟ್ಟೆ ಬಂಡೆ ನೈಸ್. ಅದರ ಮೂಲ ಮಾತ್ರ ಹೆಚ್ಚಾಗಿ ಗ್ರಾನೈಟ್ ಜಾತಿಯ ಶಿಲೆ. ಮರಳುಗಲ್ಲು ಪದರವಿಲ್ಲದ ಕ್ವಾರ್ಟ್‌ಜೈಟ್ ಆಗುತ್ತದೆ.

ಬಾಬಾಬುಡನ್ ಬೆಟ್ಟಸಾಲಿನಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರಗಳು ರೂಪಾಂತರಗೊಂಡ ಪಟ್ಟೆಶಿಲೆಯಿದೆ. ಇಂಥ ಶಿಲಾಪಟ್ಟಿಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಅವನೇ ಮೊದಲ ಮುಖ್ಯಸ್ಥ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿ ಕಬ್ಬಿಣ ಕಾರ್ಖಾನೆಗೆ ಅದಿರು ಇಳಿದದ್ದು ಈ ಸಾಲಿನ ಕೆಮ್ಮಣ್ಣುಗುಂಡಿಯಿಂದ.